ದೊಡ್ಡಮ್ಮನ ಕಣ್ಣಿನ ಪೊಟ್ಯಾಸಿಯಂ

ಮೂರನೇ ಮಹಡಿಯ ಆ ಕೋಣೆಯ ಬೀಗ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ದೊಡ್ಡಪ್ಪ ಕೀಲಿಯನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಹೊರತೆಗೆದು ಊದಿದರು, ಮತ್ತೆ ತೂರಿಸಿ ಗೊಣಗಿದರು. ಹಿಂದೆ ತಂಗಿಯ ಮಗಳು ಮರಿಯ ತೋಳು ಹಿಡಿದುಕೊಂಡು ನಿಂತಿದ್ದ ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ.

"ಬಾಗಿಲನ್ನ ನಿಮ್ಮ ಕಡೆ ಎಳ್ಕೊಂಡು ತಿರುಗ್ಸಿ ಅಂದ್ರೆ! ಊಟದ ಡಬ್ಬಿ ಹಿಡ್ಕೊಂಡು ಹೊರಗೆ ನಿಂತು ನಿಂತು ನಾನೇ ಕಲ್ತುಬಿಟ್ಟೆ. ನಿಮಗಿನ್ನೂ ಬರ್ಲಿಲ್ವಲ್ಲ."

ದೊಡ್ಡಪ್ಪ ಎಳೆದು ತಿರುಗಿಸಿದರು. ಬೀಗ ತೆಪ್ಪಗೆ ತೆರೆದುಕೊಂಡಿತು. ಗೆದ್ದವರು ಯಾರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಒಂದು ಕಾಲಕ್ಕೆ ಅದು ಕಣ್ಣಿನ ಪ್ರಯೋಗಾಲಯ. ದೊಡ್ಡಪ್ಪ ತಮ್ಮ ಆಯಸ್ಸಿನ ಒಳ್ಳೆಯ ಪಾಲನ್ನೆಲ್ಲ ಅಲ್ಲಿನ ಕತ್ತಲಲ್ಲಿ ಕಳೆದವರು. ಅವರು ನಿವೃತ್ತರಾದ ಮೇಲೆ ಅಷ್ಟೊಂದು ಕತ್ತಲೆ ಬೇಕಾದವರು ಯಾರೂ ಬರಲಿಲ್ಲ. ಸಂಸ್ಥೆಯವರು ಮುರಿದ ಕುರ್ಚಿ, ರೆಕ್ಕೆ ಕಳಚಿದ ಫ್ಯಾನು, ಒಂಟಿಕಾಲಿನ ಬೋರ್ಡುಗಳನ್ನು ತಂದು ತುಂಬಿದ್ದರು. ಆದರೆ ಬಾಗಿಲಿಗೆ ಹಾಕಿದ್ದ ಎರಡು ಕಪ್ಪು ಪರದೆಗಳು ಹಾಗೇ ಇದ್ದವು, ನಡುವೆ ತಂತಿಬಲೆಯ ಪಂಜರ ಹಾಗೇ ಇತ್ತು. ಹೊರಗಿನ ವಿದ್ಯುತ್ತಿನ ಗದ್ದಲ ಒಳಗೆ ಬರದಂತೆ ತಡೆಯುವ ಪಂಜರ ಅದು; ಒಬ್ಬರು ಕುರ್ಚಿ ಹಾಕಿಕೊಂಡು ಕೂರುವಷ್ಟು ದೊಡ್ಡದು. ಇವೆರಡೂ ಬೇರೆಲ್ಲೂ ಸಿಗುವುದಿಲ್ಲ ಎಂದೇ ಈ ಹಳೇ ಗೂಡಿಗೆ ಅವರು ಮೂವರೂ ಬಂದದ್ದು.

ದೊಡ್ಡಮ್ಮ ಪರದೆಯ ಅಂಚನ್ನು ಬೆರಳಲ್ಲಿ ಹುಡುಕಿ ಸವರಿದರು. "ಎರಡು ಹೊಲಿಗೆ ಹಾಕಿದ್ದೆ ನೋಡು ಮರಿ. ಇನ್ನೂ ಬಿಟ್ಟಿಲ್ಲ."

ಆ ಪರದೆ ಹೊಲಿದವರು ಅವರೇ. ಓಣಿಯ ಹೆಂಗಸರ ಬಟ್ಟೆಯೆಲ್ಲ ಹೊಲಿಯುತ್ತಿದ್ದ ಕೈ ಅದು. ಅವರ ಹೊಲಿಗೆ ಯಂತ್ರ ಈಗ ಮನೆಯ ಕಿಟಕಿಯ ಪಕ್ಕ ಮುಚ್ಚಳ ಹಾಕಿಕೊಂಡು ಕೂತಿದೆ. ಒಂದು ಕಣ್ಣು ಎಷ್ಟೋ ವರ್ಷದ ಹಿಂದೆಯೇ ಸೋಂಕಿಗೆ ಹೋಗಿತ್ತು. ಉಳಿದ ಕಣ್ಣಿನ ಮುಂಭಾಗ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿ, ಒಳಗೆ ಏನಿದೆಯೆಂದು ಯಾವ ಡಾಕ್ಟರಿಗೂ ಕಾಣದಂತಾಗಿತ್ತು.

ಮರಿ ಕೆಲಸ ಮಾಡುವ ಕಣ್ಣಾಸ್ಪತ್ರೆಯ ಸರ್ಜನ್ ನೇರ ಮಾತಿನ ಹೆಂಗಸು. "ಮುಂದಿನ ಬೆಳ್ಳಗಾದ ಕಾರ್ನಿಯಾ ಬದಲಾಯಿಸಬಹುದು. ಆದ್ರೆ ಇವರ ಹಾರ್ಟು ಅರಿವಳಿಕೆ ತಡ್ಕೊಳ್ಳೋದು ಕಷ್ಟ. ಹಿಂದೆ ಬೆಳಕು ಹಿಡಿಯೋ ಅಕ್ಷಿಪಟಲ ಬದುಕಿದೆ ಅಂತ ಗೊತ್ತಾದ್ರೆ ಧೈರ್ಯ ಮಾಡೋಣ. ಸತ್ತ ಕಣ್ಣಿಗೋಸ್ಕರ ಜೀವ ಒತ್ತೆ ಇಡೋದು ಬೇಡ," ಎಂದಿದ್ದರು. ಟಾರ್ಚು ಹಾಕಿ ನೋಡಿದಾಗ ದೊಡ್ಡಮ್ಮ ಪ್ರತಿ ಸಲವೂ ಸರಿಯಾಗಿ "ಬಂತು" ಎಂದಿದ್ದರು. ಆಸ್ಪತ್ರೆಯ ಯಂತ್ರದಲ್ಲಿ ಮಾತ್ರ ಗೆರೆ ಕದಲಿದ ಹಾಗೂ ಇತ್ತು, ಕದಲದ ಹಾಗೂ ಇತ್ತು. ಆ ಪರೀಕ್ಷೆ ಮಾಡಿದವಳು ಮರಿಯೇ. ಆಸ್ಪತ್ರೆಯಲ್ಲಿ ಕಣ್ಣಿನ ವಿದ್ಯುತ್ತು ಅಳೆಯುವುದೇ ಅವಳ ಕೆಲಸ. ಕಾಗದದ ಮೇಲಿನ ಆ ಗೆರೆಯನ್ನು ಅವಳು ಹಗಲೆಲ್ಲ ನೋಡಿದರೂ ಅದು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ.

ಆಗ ದೊಡ್ಡಪ್ಪ ಮೇಜು ಕುಟ್ಟಿ ಹೇಳಿದ್ದರು: "ನಿಮ್ಮ ಯಂತ್ರ ಅವಸರದ್ದು ಕಣೇ. ವೇಗದ ಅಲೆ ಮಾತ್ರ ಹಿಡಿಯುತ್ತೆ, ನಿಧಾನದ್ದನ್ನ ಕತ್ತರಿಸಿ ಬಿಸಾಕುತ್ತೆ. ನಿಧಾನದ ಅಲೆ ನೋಡೋಣ. ಪೊಟ್ಯಾಸಿಯಂ ಇಳಿಯುತ್ತೋ ಇಲ್ವೋ ನೋಡೋಣ. ಅದು ಸುಳ್ಳು ಹೇಳಲ್ಲ."

ನಿವೃತ್ತಿಯ ದಿನ ಮನೆಗೆ ಹೊತ್ತು ತಂದಿದ್ದ ಹಳೆಯ ಯಂತ್ರವನ್ನು ಅವರು ಊಟದ ಮೇಜಿನ ಮೇಲೆ ಬಿಚ್ಚಿ ಹರಡಿದ್ದರು. ಅಷ್ಟು ದಿನವೂ ಗಂಡಹೆಂಡತಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಂಡರು. ಹೊಸ ತಂತಿ ಹಾಕುತ್ತ ದೊಡ್ಡಪ್ಪ ಗುನುಗುತ್ತಿದ್ದರು. "ಅವಳಿಗೆ ಕಾಣುತ್ತೆ ನೋಡ್ತಿರು," ಎಂದು ಮರಿಯ ಮುಂದೆ ಎಷ್ಟು ಸಲ ಅಂದರೋ. ಮರಿಗೆ ಅವರ ಆಸೆ ಕಂಡು ಹೆದರಿಕೆಯಾಗಿತ್ತು.

ಮರಿ ಅಂದರೆ ಎಳೆಯವಳಲ್ಲ ಮತ್ತೆ. ಐವತ್ತು ದಾಟಿದ, ಮೊಣಕಾಲು ನೋವಿನ ಹೆಂಗಸು. ಓದಿಗೆಂದು ಎರಡು ವರ್ಷದ ಮಟ್ಟಿಗೆ ಈ ಮನೆಗೆ ಬಂದವಳು, ಮದುವೆಯಾಗುವ ತನಕ ಅಲ್ಲೇ ಬೇರುಬಿಟ್ಟಳು. ಓದು ಮುಗಿದ ಮೇಲೆ ದೊಡ್ಡಪ್ಪನ ಪ್ರಯೋಗಾಲಯದಲ್ಲೇ ಕೆಲಸಕ್ಕೆ ಸೇರಿಕೊಂಡಳು. ಕತ್ತಲಲ್ಲಿ ಯಾರಿಗೂ ಕಾಣದ ತಿರುಪು, ಬಿದ್ದುಹೋದ ಗಾಜಿನ ಚೂರು ಇವಳಿಗೆ ಸಿಕ್ಕಿಬಿಡುತ್ತಿತ್ತು. ಅದಕ್ಕೇ ದೊಡ್ಡಪ್ಪ ಇಟ್ಟ ಹೆಸರು ಗೂಬೆಮರಿ. "ಹೆಣ್ಣುಮಗೂನ ಗೂಬೆ ಅಂತ ಕರೀತಾರೇನ್ರೀ? ನಾಳೆ ನೋಡೋಕೆ ಬಂದೋರು ಏನಂದ್ಕೋಬೇಕು?" ಎಂದು ದೊಡ್ಡಮ್ಮ ಹೆಸರಿನ ಮುಂದಿನ ಅರ್ಧ ಕತ್ತರಿಸಿ ಎಸೆದು, ಹಿಂದಿನರ್ಧವನ್ನು ಉಳಿಸಿಕೊಂಡರು.

ಈಗ ಆ ಮರಿ ಕುರ್ಚಿಗಳನ್ನು ಗೋಡೆಗೆ ಪೇರಿಸಿ, ಪಂಜರದ ಧೂಳು ಒರೆಸಿ, ದೊಡ್ಡಮ್ಮನನ್ನು ಒಳಗೆ ಕೂರಿಸಿದಳು. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ತೆಳುವಾದ ಮಸೂರವೊಂದನ್ನು ಕೂರಿಸಿದಳು. ಅದರ ಅಂಚಿಗೆ ಕೂದಲೆಳೆಯಂಥ ಬೆಳ್ಳಿ ತಂತಿ. ತಂತಿ ಯಂತ್ರಕ್ಕೆ, ಯಂತ್ರದಿಂದ ಇನ್ನೊಂದು ತಂತಿ, ಅಳತೆಯನ್ನು ದನಿಯಾಗಿ ಕೇಳಿಸುವ ಪೀಪಿ ಪೆಟ್ಟಿಗೆಗೆ.

"ಚುಚ್ಚುತ್ತಾ ದೊಡ್ಡಮ್ಮ?"

"ನೀನು ಚಿಕ್ಕವಳಿದ್ದಾಗ ನನ್ನ ಜಡೆ ಹೆಣೀತಿದ್ಯಲ್ಲ, ಅದಕ್ಕಿಂತ ವಾಸಿ."

ಪರದೆ ಎಳೆದು ದೀಪ ಆರಿಸಿದರು. ಇನ್ನು ಕಣ್ಣು ಕತ್ತಲೆಗೆ ಹದವಾಗುವ ತನಕ ಮೂವರೂ ಸುಮ್ಮನೆ ಕಾಯಬೇಕು. ಈ ಕಾಯುವಿಕೆ ಮರಿಗೆ ಹೊಸದಲ್ಲ. ಅವಳ ಹರೆಯವೆಲ್ಲ ಹೀಗೆ ಕಾಯುವುದರಲ್ಲೇ ಹೋಗಿತ್ತು. ಅದರ ಬಗ್ಗೆ ಅವಳಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಕತ್ತಲೆ ಕವಿದ ಕೂಡಲೇ ಹಳೆಯ ವಾಸನೆ ಮೂಗಿಗೆ ಬಡಿಯಿತು. ಬಿಸಿ ತಂತಿ, ಹಳೇ ಬಟ್ಟೆ, ಸ್ಪಿರಿಟ್ಟು. ಅವಳಿಗೆ ಇದ್ದಕ್ಕಿದ್ದಂತೆ ಅಳು ಬಂದಂತಾಯಿತು, ಯಾರಿಗೂ ಕಾಣದು ಎಂದು ಧಾರಾಳವಾಗಿ ಕಣ್ಣು ಒರೆಸಿಕೊಂಡಳು.

ಎಂಥಾ ದಿನಗಳು ಅವು! ಒಳಗೆ ಬರುವವರು ಎರಡು ಪರದೆಗಳ ನಡುವೆ ನಿಂತು ಮೊದಲು "ನಾನು" ಅನ್ನಬೇಕು, ಹೊರಪರದೆ ಸರಿಯಾಗಿ ಮುಚ್ಚಿದ ಮೇಲೆ "ಮುಚ್ಚಿದೆ" ಅನ್ನಬೇಕು, ಆಮೇಲಷ್ಟೇ ಒಳಪರದೆ ಸರಿಸಬೇಕು. ಒಂದು ಗೆರೆ ಬೆಳಕು ನುಸುಳಿದರೂ ಪ್ರಯೋಗಕ್ಕೆಂದು ಬೆಳಗ್ಗಿನಿಂದ ಕತ್ತಲೆಗೆ ಹದಗೊಂಡ ಕಪ್ಪೆಯ ಕಣ್ಣು ಕೆಲಸಕ್ಕೆ ಬಾರದಾಗುತ್ತಿತ್ತು. ಒಳಗೆ ಓಡಾಡುವವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದಂತೆ ಏನಾದರೂ ಗುನುಗುತ್ತಲೇ ಇರಬೇಕು. ದೊಡ್ಡಪ್ಪನ ರಾಗವೋ ದೇವರಿಗೇ ಪ್ರೀತಿ. ತೊಟ್ಟಿಯಲ್ಲಿದ್ದ ಕಪ್ಪೆಗಳು ಅವರಿಗಿಂತ ಶ್ರುತಿಯಲ್ಲಿ ಹಾಡುತ್ತವೆ ಎಂದು ಎಲ್ಲರೂ ನಗುತ್ತಿದ್ದರು. ಓಣಿಯಲ್ಲಿ ಅವರಿಗೆ ಕಪ್ಪೆ ಮೇಷ್ಟ್ರು ಎಂದೇ ಹೆಸರು ಬಿದ್ದಿತ್ತು.

ಗಾಜಿನ ತೆರೆಯ ಮೇಲೆ ಗೆರೆ ತೋರಿಸುವ ಯಂತ್ರ ಇಟ್ಟರೆ ಅದರ ಬೆಳಕೇ ಕಣ್ಣಿಗೆ ತಾಗುತ್ತದೆ. ಅದಕ್ಕೆ ಸಂಸ್ಥೆಯ ಮೆಕ್ಯಾನಿಕ್ ಪೀಪಿ ಪೆಟ್ಟಿಗೆಯನ್ನು ಮಾಡಿಕೊಟ್ಟಿದ್ದ. ಕೂದಲಿಗಿಂತ ಸಣ್ಣ ಗಾಜಿನ ಕೊಳವೆಯ ತುದಿಯಲ್ಲಿ ಪೊಟ್ಯಾಸಿಯಂ ಒಂದನ್ನೇ ಗುರುತು ಹಿಡಿಯುವ ದ್ರವದ ಹನಿ. ಅದು ಕಂಡದ್ದನ್ನು ಪೆಟ್ಟಿಗೆ ದನಿಯಾಗಿ ಹೇಳುತ್ತದೆ. ಪೊಟ್ಯಾಸಿಯಂ ಹೆಚ್ಚಿದ್ದರೆ ದನಿ ಮೇಲೆ, ಕಡಿಮೆಯಾದರೆ ದನಿ ಕೆಳಗೆ. ಕಣ್ಣನ್ನು ಕಿವಿಯಿಂದ ನೋಡುವ ಜನ ಅಂದರೆ ಈ ಕೋಣೆಯವರೇ.

ಮರಿ ಮೊದಲ ಸಲ ತಾನೇ ಕಪ್ಪೆಯ ಅಕ್ಷಿಪಟಲದೊಳಕ್ಕೆ ಕೊಳವೆ ಇಳಿಸಿದ ದಿನ, ಬೆಳಕು ಬಿಟ್ಟಾಗ ದನಿ ಇಳಿಯುವ ಬದಲು ಜುಯ್ಯೆಂದು ಏರಿತು. ಬೆಳಕು ಆರಿಸಿದರೆ ಮತ್ತೊಮ್ಮೆ ಏರಿತು. ಎಲ್ಲ ಕೆಡಿಸಿಬಿಟ್ಟೆ ಎಂದು ಅವಳು ಅತ್ತೇಬಿಟ್ಟಳು. "ಅಳಬೇಡ್ವೇ ಗೂಬೆಮರಿ. ನೀನು ಏನೂ ಕೆಡಿಸಿಲ್ಲ, ಮಹಡಿ ತಪ್ಪಿದ್ದೀಯ," ಎಂದು ದೊಡ್ಡಪ್ಪ ನಕ್ಕರು. "ಒಳಪದರದಲ್ಲಿ ನಿಂತಿದ್ದೀಯ. ಅಲ್ಲಿ ಬೆಳಕು ಬಂದ್ರೂ ಗಲಾಟೆ, ಹೋದ್ರೂ ಗಲಾಟೆ, ಎರಡಕ್ಕೂ ಪೊಟ್ಯಾಸಿಯಂ ಏರುತ್ತೆ. ಇನ್ನೂ ಕೆಳಗೆ ಹೋಗು." ಅವಳು ಉಸಿರು ಹಿಡಿದು ತಿರುಪು ತಿರುಗಿಸುತ್ತ ಹೋದಳು. ಒಂದು ಹಂತದಲ್ಲಿ ಬೆಳಕು ಬಿಟ್ಟಾಗ ದನಿ ಒಂದು ಕ್ಷಣ ತಡೆದು, ಆಮೇಲೆ ಮೆಲ್ಲಗೆ, ಬಲು ಮೆಲ್ಲಗೆ, ದಣಿದವರು ಚಾಪೆಗೆ ಒರಗುವ ಹಾಗೆ ಇಳಿಯಿತು. ಆ ದನಿಯನ್ನು ಮರಿ ಇವತ್ತಿಗೂ ಮರೆತಿಲ್ಲ. ಅವತ್ತು ಮನೆಗೆ ಹೋದಾಗ ದೊಡ್ಡಮ್ಮ ಅವಳ ಮುಖ ನೋಡಿಯೇ "ಇಳೀತು ಅನ್ನು," ಎಂದಿದ್ದರು.

ದೊಡ್ಡಮ್ಮನಿಗೂ ಆ ದನಿ ಪರಿಚಯವೇ. ಮಧ್ಯಾಹ್ನ ಡಬ್ಬಿ ತಂದು ಎರಡು ಪರದೆಗಳ ನಡುವೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಪ್ರಯೋಗ ಮುಗಿಯುವ ತನಕ ಒಳಗೆ ಬಿಡುತ್ತಿರಲಿಲ್ಲ. ಪೀಪಿ ಇಳಿದರೆ ಊಟ ಬೇಗ, ಇಳಿಯದಿದ್ದರೆ ತಣ್ಣಗಾದ ಅನ್ನ ಎಂಬ ಲೆಕ್ಕ ಅವರದು.

"ರೀ," ಎಂದರು ದೊಡ್ಡಮ್ಮ ಈಗ, ಪಂಜರದೊಳಗಿನಿಂದ. "ಇನ್ನೊಂದ್ಸಲ ಹೇಳಿ, ನನ್ನ ಕಣ್ಣೊಳಗೆ ಏನಾಗ್ಬೇಕು?"

"ಎಷ್ಟು ಸಲ ಹೇಳಿದೀನಿ."

"ಎಷ್ಟು ಸಲ ಹೇಳಿದ್ರೂ ಒಂದು ಕಿವಿಯಿಂದ ಬಂದು ಇನ್ನೊಂದರಿಂದ ಹೋಗಿದೆ. ಆಗ ಅದು ಕಪ್ಪೆ ವಿಷಯ. ಈಗ ನಂದು."

ದೊಡ್ಡಪ್ಪ ಗಂಟಲು ಸರಿ ಮಾಡಿಕೊಂಡರು. ಪಾಠ ಹೇಳುವ ಹಳೆಯ ದನಿ ಬಂತು. "ನಮ್ಮ ಮನೆ ತೊಟ್ಟಿ ಇದೆಯಲ್ಲ, ಮೇಲಿನ ಟ್ಯಾಂಕಿಗೆ ತೂತು ಬಿದ್ದಿದೆ ಅಂದ್ಕೋ. ಟ್ಯಾಂಕಿಂದ ನೀರು ತೊಟ್ಟಿಗೆ ಸೋರ್ತಾ ಇರುತ್ತೆ, ಪಂಪು ತೊಟ್ಟಿಯಿಂದ ಟ್ಯಾಂಕಿಗೆ ಎಳೀತಾ ಇರುತ್ತೆ. ಬೆಳಕು ಹಿಡಿಯೋ ಕೋಶಗಳು ಕತ್ತಲಲ್ಲಿ ಮಾಡೋದು ಇದನ್ನೇ. ಪೊಟ್ಯಾಸಿಯಂ ಹೊರಗೆ ಸೋರುತ್ತೆ, ಒಳಗೆ ಎಳೀತವೆ. ಬಿಡುವೇ ಇಲ್ಲ. ಬೆಳಕು ಬಿತ್ತು ಅಂದ್ಕೋ, ಸೋರೋದು ಕಡಿಮೆಯಾಗುತ್ತೆ. ಪಂಪಿಗೆ ಅದು ಕೂಡಲೇ ಗೊತ್ತಾಗಲ್ಲ, ಎಳೀತಾನೇ ಇರುತ್ತೆ. ಆಗ ಏನಾಗುತ್ತೆ?"

"ತೊಟ್ಟಿ ನೀರು ಇಳಿಯುತ್ತೆ."

"ಅಷ್ಟೇ! ಅದು ಇಳಿದಿದ್ದು ಹಿಂದಿರೋ ಕಪ್ಪು ಪದರಕ್ಕೆ ಗೊತ್ತಾಗುತ್ತೆ. ಅದು ಒಂದು ನಿಧಾನದ ಅಲೆ ಕಳಿಸುತ್ತೆ. ಆ ಅಲೆ ಕಣ್ಣಿನ ಮುಂದಕ್ಕೂ ಬರುತ್ತೆ. ನಿನ್ನ ಕಣ್ಣಿಗೆ ಚುಚ್ಚೋದೇ ಬೇಡ, ಮುಂದೆ ಕೂತ್ಕೊಂಡೇ ಅದನ್ನ ಕೇಳಬಹುದು. ಅಲೆ ಬಂದ್ರೆ ಪೀಪಿ ಮೆಲ್ಲಗೆ ಇಳಿಯುತ್ತೆ."

ದೊಡ್ಡಮ್ಮ ಸ್ವಲ್ಪ ಯೋಚಿಸಿದರು. "ಅಂದ್ರೆ ಕಣ್ಣು ಕತ್ತಲಲ್ಲಿ ಗೇಯುತ್ತೆ, ಬೆಳಕು ಬಂದ್ರೆ ಕಾಲು ಚಾಚುತ್ತೆ. ನಿಮ್ಮ ಹಾಗೇ. ಇಲ್ಲಿ ಕತ್ತಲಲ್ಲಿ ಮೈಮುರಿದು ದುಡಿಯೋದು, ಮನೇಲಿ ದೀಪದ ಕೆಳಗೆ ಬಂದ್ರೆ ಗೊರಕೆ."

ಮರಿ ಕಿಸಕ್ಕನೆ ನಕ್ಕಳು. ದೊಡ್ಡಪ್ಪನೂ ನಕ್ಕರು. ಆ ನಗು ಮುಗಿದ ಮೇಲೆ ದೊಡ್ಡಪ್ಪ ಮೆತ್ತಗೆ, "ನಿಂಗೆ ಕಂಡ್ರೆ ಮೊದಲು ಏನು ನೋಡ್ತೀಯೇ?" ಎಂದು ಕೇಳಿದರು.

"ನಿಮ್ಮ ಅಂಗಿ ಗುಂಡಿ. ಮುಟ್ಟಿ ನೋಡಿದೀನಿ, ಎಲ್ಲಾ ಒಂದೊಂದು ಮನೆ ತಪ್ಪಿ ಹಾಕ್ಕೋತಿದೀರ. ಜನ ಏನನ್ಬೇಕು?"

ಹೊತ್ತಾಯಿತು. ಮರಿ ಎದ್ದು ದೀಪದ ಪೆಟ್ಟಿಗೆಯ ಹತ್ತಿರ ನಿಂತಳು. ದೀಪ ಪೆಟ್ಟಿಗೆಯೊಳಗೇ ಉರಿಯುತ್ತಿರುತ್ತದೆ. ಮುಂದೆ ಸ್ಪ್ರಿಂಗಿನ ಮುಚ್ಚಳ. ಅದನ್ನು ಬಿಟ್ಟರೆ ಟಕ್ಕೆಂದು ತೆರೆದು ಬೆಳಕು ಹೊರಗೆ ಬೀಳುತ್ತದೆ, ಮತ್ತೆ ಒತ್ತಿದರೆ ಮುಚ್ಚುತ್ತದೆ. ಬೆಳಕು ಕಂಡರೆ "ಬಂತು" ಅನ್ನಬೇಕು ಎಂದು ದೊಡ್ಡಮ್ಮನಿಗೆ ಹೇಳಿದ್ದಾಯಿತು. ದೊಡ್ಡಪ್ಪ ಪೀಪಿ ಪೆಟ್ಟಿಗೆಯ ಕಿವಿ ತಿರುಗಿಸಿದರು. ಎಷ್ಟೋ ವರ್ಷಗಳ ಮೇಲೆ ಆ ಕೋಣೆಯಲ್ಲಿ ಆ ದನಿ ಎದ್ದಿತು, ಒಂದೇ ಸಮನೆ, ಕೊಂಚ ಕರ್ಕಶವಾಗಿ. ಈಗ ಇದು ಇಳಿದರೆ ಸಾಕು, ಇನ್ನೇನೂ ಬೇಡ ಎಂದು ಮರಿ ಮನಸ್ಸಿನಲ್ಲೇ ಬೇಡಿಕೊಂಡಳು.

ಟಕ್.

"ಬಂತು!" ಎಂದರು ದೊಡ್ಡಮ್ಮ. ಅವರ ಮಾತು ಮುಗಿಯುವ ಮೊದಲೇ ದನಿ ಜರ್ರನೆ ಕೆಳಗಿಳಿಯಿತು.

"ಇಳೀತು ದೊಡ್ಡಪ್ಪ! ಇಳೀತು!" ಮರಿ ಕೂಗಿಯೇಬಿಟ್ಟಳು. ಪಂಜರದೊಳಗೆ ದೊಡ್ಡಮ್ಮ ನಗುವುದು ಕೇಳಿಸಿತು. ಆಸ್ಪತ್ರೆಗೆ ಹೋಗಿ ಸರ್ಜನ್‌ಗೆ ಏನು ಹೇಳಬೇಕೆಂದು ಮರಿ ಆಗಲೇ ಮಾತು ಜೋಡಿಸಿಕೊಂಡಳು.

ದೊಡ್ಡಪ್ಪ ಮಾತ್ರ ಪೀಪಿಗೆ ಕಿವಿಗೊಟ್ಟೇ ಇದ್ದರು. ಆಮೇಲೆ, "ಇನ್ನೊಂದ್ಸಲ," ಅಂದರು. ಇನ್ನೊಂದು ಸಲವೂ ಹಾಗೇ ಆಯಿತು. ಮುಚ್ಚಳ ತೆರೆದದ್ದೇ ತಡ, ದನಿ ದಬಕ್ಕನೆ ಬಿತ್ತು.

"ಇಷ್ಟು ಅವಸರ ಪೊಟ್ಯಾಸಿಯಂಗೆ ಇಲ್ಲ ಕಣೇ ಮರಿ," ಎಂದರು ದೊಡ್ಡಪ್ಪ. ಅವರ ಮಾತಿನ ದನಿ ಸಣ್ಣಗಾಗಿತ್ತು. "ಇದು ಕಣ್ಣಲ್ಲ. ಬೆಳ್ಳಿ. ತಂತಿ ಮೇಲೆ ಬೆಳಕು ಬೀಳ್ತಿದೆ. ಬೆಳ್ಳಿಗೂ ಬೆಳಕು ಕಾಣುತ್ತೆ."

ಮರಿಗೆ ಅದು ಗೊತ್ತಿಲ್ಲದ ವಿಷಯವಲ್ಲ. ಬೆಳ್ಳಿ ತಂತಿಗೆ ಬೆಳಕು ತಾಗಿದರೆ ಅದೂ ಒಂದಿಷ್ಟು ವಿದ್ಯುತ್ತು ಕೊಡುತ್ತದೆ. ತಂತಿಯನ್ನು ಮರೆಮಾಡಬೇಕು ಎಂಬುದು ಈ ಕೆಲಸದ ಓನಾಮ. ಆದರೆ ದೊಡ್ಡಮ್ಮನ ಕಣ್ಣು ಎಂಬ ಅಕ್ಕರೆಯಲ್ಲಿ ಅವಳ ಕೈ ಅದನ್ನೇ ಮರೆತಿತ್ತು. ಮರೆತದ್ದಕ್ಕಿಂತ ಹೆಚ್ಚಾಗಿ, ಈಗ ಅದನ್ನು ಒಪ್ಪಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ.

"ಎರಡೂ ಸೇರಿರಬಹುದಲ್ಲ ದೊಡ್ಡಪ್ಪ? ಬೆಳ್ಳೀನೂ ಇರಬಹುದು, ಕಣ್ಣೂ ಇರಬಹುದು. ದೊಡ್ಡಮ್ಮ ಬಂತು ಅಂತಾನೂ ಅಂದ್ರಲ್ಲ."

"ಸೇರಿದ್ರೆ ಬೇರೆ ಮಾಡಿ ನೋಡು. ಸರ್ಜನ್ನು ನಮ್ಮ ಮಾತು ನಂಬಿ ಇವಳಿಗೆ ಅರಿವಳಿಕೆ ಕೊಡಿಸ್ತಾರೆ. ಬೆಳ್ಳಿ ನಂಬ್ಕೊಂಡು ಇವಳನ್ನ ಮೇಜಿನ ಮೇಲೆ ಮಲಗಿಸಲಾ?"

ಮರಿ ಕೆಂಪು ದೀಪದ ಮಂದ ಬೆಳಕಿನಲ್ಲಿ ತಂತಿಗೆ ಕಪ್ಪು ಪಟ್ಟಿ ಸುತ್ತಿದಳು. ದೀಪದ ಮುಂದೆ ತೂತು ಕೊರೆದ ಕಪ್ಪು ಕಾಗದ ಹಿಡಿಸಿದಳು. ಬೆಳಕು ಕಣ್ಣಿನ ನಡುವಿಗೆ ಬಿಟ್ಟು ಬೇರೆಲ್ಲೂ ಬೀಳದಂತೆ ಮಾಡಿದಳು. ಮತ್ತೆ ಕತ್ತಲು, ಮತ್ತೆ ಕಾಯುವುದು.

ಟಕ್.

"ಬಂತು," ಎಂದರು ದೊಡ್ಡಮ್ಮ.

ದನಿ ಇದ್ದ ಹಾಗೇ ಇತ್ತು. ಮರಿ ಕಾದಳು. ನಿಧಾನದ ಅಲೆ, ತಡವಾಗಿ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಬರಲಿಲ್ಲ. ದೀಪವನ್ನು ಇನ್ನಷ್ಟು ಪ್ರಖರ ಮಾಡಿದಳು.

ಟಕ್. "ಬಂತು." ದನಿ ಇದ್ದ ಹಾಗೇ.

ಹೀಗೆ ಹಲವು ಸಲ. ಪ್ರತಿ ಸಲವೂ ದೊಡ್ಡಮ್ಮ ಸರಿಯಾದ ಗಳಿಗೆಗೆ "ಬಂತು" ಅನ್ನುತ್ತಿದ್ದರು, ಪ್ರತಿ ಸಲವೂ ಅವರ ದನಿ ಮಾತ್ರ ಇನ್ನಿಷ್ಟು ತಗ್ಗುತ್ತಿತ್ತು. ಪೀಪಿ ಪೆಟ್ಟಿಗೆ ಮೊಂಡು ಹಿಡಿದ ಮಗುವಿನಂತೆ ಒಂದೇ ರಾಗ ಹಿಡಿದಿತ್ತು. ಮರಿಗೆ ತಲೆ ಕೆಟ್ಟಂತಾಯಿತು. ಕಾಣುತ್ತಿದೆ ಎಂದಾದರೆ ಪೊಟ್ಯಾಸಿಯಂ ಏಕೆ ಇಳಿಯುವುದಿಲ್ಲ? ಇಳಿಯದಿದ್ದರೆ ಇವರಿಗೆ ಕಾಣುವುದಾದರೂ ಹೇಗೆ?

ಕತ್ತಲಲ್ಲಿ ದೊಡ್ಡಪ್ಪ ಗುನುಗುತ್ತ ಎದ್ದು ಬಂದು ಅವಳ ಪಕ್ಕ ನಿಂತರು. ಒಂದು ಮಾತೂ ಆಡದೆ ಅವಳ ಕೈ ಹುಡುಕಿ, ದೀಪದ ಗುಂಡಿಯ ಮೇಲಿಟ್ಟು, ಅವಳ ಬೆರಳಿನ ಸಮೇತ ಅದನ್ನು ಪೂರ್ತಿ ಕೆಳಕ್ಕೆ ತಿರುಗಿಸಿದರು. ಪೆಟ್ಟಿಗೆಯೊಳಗೆ ದೀಪ ಆರಿತು. ಮರಿಗೆ ಅರ್ಥವಾಯಿತು. ಅವಳಿಗೆ ಮುಚ್ಚಳ ಬಿಡಲು ಕೈಯೇ ಬರಲಿಲ್ಲ. ದೊಡ್ಡಪ್ಪನೇ ಅದನ್ನು ಬಿಟ್ಟರು.

ಟಕ್. ಒಂದು ಎಳೆಯಷ್ಟೂ ಬೆಳಕಿಲ್ಲ, ಬರೀ ಸದ್ದು.

"ಬಂತು," ಎಂದರು ದೊಡ್ಡಮ್ಮ.

ದೊಡ್ಡಪ್ಪನ ಕೈ ಮರಿಯ ಕೈ ಮೇಲೇ ಇತ್ತು, ತಣ್ಣಗೆ. ಆ ಕೈ ಸರಿದು, ಮುಚ್ಚಳವನ್ನು ಒತ್ತಿ ಮುಚ್ಚಿ, ಮತ್ತೆ ಗುಂಡಿಗೆ ಹೋಯಿತು. ದೀಪವನ್ನು ಕೊನೆಯ ತನಕ ಏರಿಸಿದರು. ಮುಂದಿದ್ದ ಕಪ್ಪು ಕಾಗದ ಕಿತ್ತರು. ಆಮೇಲೆ ಸ್ಪ್ರಿಂಗನ್ನು ಹೆಬ್ಬೆರಳಿನಲ್ಲಿ ಅದುಮಿ ಹಿಡಿದು, ಚೂರೂ ಸದ್ದಾಗದಂತೆ ಮುಚ್ಚಳವನ್ನು ಸರಿಸಿದರು.

ಕೋಣೆಯೆಲ್ಲ ಬೆಳಕಾಯಿತು. ಮರಿಯ ಕಣ್ಣು ಕುಕ್ಕಿತು. ಪಂಜರದೊಳಗೆ ದೊಡ್ಡಮ್ಮ ಕೂತಿದ್ದರು. ಕಣ್ಣಿಗೆ ನೇರ ಬೆಳಕು ಬಿದ್ದರೂ ಅವರ ರೆಪ್ಪೆ ಸುತ್ತ ಒಂದು ಗೆರೆ ಕದಲಲಿಲ್ಲ. ಕೈಗಳನ್ನು ಮಡಿಲಲ್ಲಿ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು, ಕತ್ತು ಒಂಚೂರು ಓರೆ ಮಾಡಿ, ಕಿವಿಯನ್ನು ದೀಪದ ಕಡೆಗೆ ಕೊಟ್ಟು, ಮುಂದಿನ ಸದ್ದಿಗಾಗಿ ಕಾಯುತ್ತಿದ್ದರು.

ದೊಡ್ಡಪ್ಪ ನೋಡುತ್ತ ನಿಂತರು. ಮರಿ ಅವರ ಮುಖ ನೋಡಲಾರದೆ ತಲೆ ತಗ್ಗಿಸಿದಳು.

"ಯಾಕ್ರೀ ಸುಮ್ನಾಗ್ಬಿಟ್ರಿ?" ಎಂದರು ದೊಡ್ಡಮ್ಮ. ಅವರೇ ಮತ್ತೆ, "ಇಳೀಲಿಲ್ಲ, ಅಲ್ವಾ?" ಎಂದರು.

"ಇಲ್ಲ ಕಣೇ," ಎಂದರು ದೊಡ್ಡಪ್ಪ.

"ನಂಗೂ ಕಿವಿ ಇದೆ. ಕೇಳಿಸ್ತು." ದೊಡ್ಡಮ್ಮ ಉಸಿರೆಳೆದುಕೊಂಡರು. "ಬೇಜಾರು ಮಾಡ್ಕೋಬೇಡಿ. ಆ ಡಾಕ್ಟರಮ್ಮ ಮೊದಲ್ನೇ ಸಲ ಟಾರ್ಚು ಒತ್ತಿದಾಗ ಟಿಕ್ ಅಂತು. ಬಾಯಿಂದ ಬಂತು ಅಂತ ಬಂದ್ಬಿಡ್ತು. ನೀವು ನನ್ನ ಭುಜ ಹಿಡ್ಕೊಂಡ್ರಿ, ಕೈ ನಡುಗ್ತಿತ್ತು ನಿಮಗೆ. ಅಷ್ಟು ಸಂತೋಷ ನಿಮ್ಮಲ್ಲಿ ನೋಡಿ ಎಷ್ಟು ಕಾಲ ಆಗಿತ್ತು. ಆಮೇಲೆ ಮೇಜಿನ ತುಂಬ ತಂತಿ ಹರಡ್ಕೊಂಡು ಕೂತ್ರಿ, ಗುನುಗೋಕೆ ಶುರು ಮಾಡಿದ್ರಿ. ನಾನು ಹೇಗೆ ಆ ಮಾತು ವಾಪಸ್ ತಗೊಳ್ಲಿ ಹೇಳಿ? ನಿಮ್ಮ ಯಂತ್ರ ಹಾಳಾಗಿದೆ ಅಂತ ಆಗಲಿ ಅಂದ್ಕೊಂಡೆ. 'ಹೋಗ್ಲಿ ಬಿಡು, ಹಳೇ ಯಂತ್ರ' ಅಂತ ಎಲ್ಲರೂ ಮನೆಗೆ ಹೋಗೋಣ ಅಂದ್ಕೊಂಡೆ."

"ಯಾವಾಗಿಂದ ದೊಡ್ಡಮ್ಮ?" ಎಂದು ಕೇಳಿದವಳು ಮರಿ. "ಬೆಳಕೂ ಗೊತ್ತಾಗದ ಹಾಗೆ ಯಾವಾಗಿಂದ?"

"ಬೇಸಿಗೆಯಿಂದ. ಒಂದಿನ ಬೆಳಗ್ಗೆ ಕಿಟಕಿ ತೆಗೆದೆ. ಬಿಸಿಲು ಕೈ ಮೇಲೆ ಬಿತ್ತು, ಕಣ್ಣಿಗೆ ಬೀಳಲಿಲ್ಲ."

ದೊಡ್ಡಪ್ಪ ಬಾಯಿಗೆ ಅಂಗೈ ಒತ್ತಿಕೊಂಡು ಬಾಗಿಲ ಪರದೆಯ ತನಕ ನಡೆದು, ಆ ಕಪ್ಪು ಬಟ್ಟೆಗೆ ಹಣೆ ಆನಿಸಿ ಅತ್ತರು. ಸದ್ದು ಹೊರಡದಂತೆ ಅಳುವ ಪ್ರಯತ್ನದಲ್ಲಿ ಅವರ ಬೆನ್ನು ಅದುರುತ್ತಿತ್ತು. ಇಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ಮರಿ ಕಂಡದ್ದೇ ಇಲ್ಲ. ಅವಳು ಕೈಚಾಚಿ ಪೀಪಿ ಪೆಟ್ಟಿಗೆಯನ್ನು ಆರಿಸಿದಳು. ಪಂಜರದ ಬಾಗಿಲು ತೆಗೆದು ದೊಡ್ಡಮ್ಮನ ಕಣ್ಣಿನ ಮಸೂರವನ್ನು ಮೆತ್ತಗೆ ಬಿಡಿಸಿದಳು, ಕೆನ್ನೆಗಿಳಿದ ಹನಿಯನ್ನು ಸೆರಗಿನಿಂದ ಒರೆಸಿದಳು. ಅದು ಔಷಧಿಯ ಹನಿಯೋ ಕಣ್ಣೀರೋ ಎಂದು ಅವಳು ಕೇಳಲಿಲ್ಲ. ದೊಡ್ಡಮ್ಮನ ಹಣೆಗೆ ತನ್ನ ಕೆನ್ನೆ ಒತ್ತಿ ಹಾಗೇ ನಿಂತಳು.

"ಸರಿ ಸರಿ, ಬಿಡು," ಎಂದು ದೊಡ್ಡಮ್ಮ ಅವಳ ಬೆನ್ನು ತಟ್ಟಿದರು. "ಇನ್ನು ಪ್ರಯೋಗ ಮುಗೀತಲ್ಲ, ಲೈಟು ಹಾಕು ಮರಿ. ನಾನೇನೋ ಹೇಗಾದ್ರೂ ಹೋಗ್ತೀನಿ. ನಿಮ್ಮ ದೊಡ್ಡಪ್ಪ ಈ ಕತ್ತಲಲ್ಲಿ ಕುರ್ಚಿ ಎಡವಿ ಬಿದ್ದಾರು."

ದೀಪದ ಪೆಟ್ಟಿಗೆಯ ಬೆಳಕು ಕೋಣೆಯ ಮೂಲೆ ಮೂಲೆಯಲ್ಲೂ ಬಿದ್ದಿತ್ತು. ಪೇರಿಸಿಟ್ಟ ಕುರ್ಚಿಗಳ ಒಂದೊಂದು ಮೊಳೆಯೂ ಕಾಣುತ್ತಿತ್ತು. ಮರಿ ದೊಡ್ಡಪ್ಪನ ಕಡೆ ನೋಡಿದಳು. ಅವರು ತಿರುಗಿ ನಿಂತಿದ್ದರು, ಮುಖವೆಲ್ಲ ಒದ್ದೆ. ಅವಳು ಗೋಡೆಯ ತನಕ ಹೋಗಿ ಸ್ವಿಚ್ಚು ಒತ್ತಿದಳು. ಅದು ಗಟ್ಟಿಯಾಗಿ ಸದ್ದು ಮಾಡಿತು.

"ಹಾಕಿದೆ ದೊಡ್ಡಮ್ಮ."

"ಹ್ಞಾಂ. ಈಗ ಕಾಣುತ್ತಲ್ಲ ನಿಮಗೆ?" ದೊಡ್ಡಮ್ಮ ಕುರ್ಚಿಯಿಂದೆದ್ದು, ದೊಡ್ಡಪ್ಪನ ದನಿ ಕೊನೆಗೆ ಕೇಳಿಸಿದ್ದ ಕಡೆಗೆ, ಅಂದರೆ ಯಾರೂ ಇಲ್ಲದ ಕಡೆಗೆ ಕೈ ಚಾಚಿದರು. "ಬನ್ನಿ, ಕೈ ಕೊಡಿ. ಮನೆಗೆ ಹೋಗೋಣ."

ದೊಡ್ಡಪ್ಪ ಪರದೆ ಬಿಟ್ಟು, ಕುರ್ಚಿಗಳನ್ನು ಸುತ್ತಿ ಬಂದು, ಆ ಕೈ ಹಿಡಿದುಕೊಂಡರು.